ಮೂವತ್ತೈದು ಪೌಂಡಿನ ಬಿಲ್ಲು

ಆಲ್ಡರ್ ಫಾಲ್ಸ್
11 ಜನವರಿ 2007

ಆರ್ಮಸ್,

ಹೊಸ ವರ್ಷಕ್ಕೆ ನೀನು ಕಳಿಸಿದ ಕಾರ್ಡು ಬಂತು. ಬಿಲ್ಲು ಹಿಡಿದು ನಿಂತ ನಿನ್ನದೇ ಫೋಟೋ ಹಾಕಿಸಿ ಕಾರ್ಡು ಮಾಡಿಸುವಷ್ಟು ದೊಡ್ಡ ಮನುಷ್ಯ ಆಗಿದ್ದೀಯ ಎಂದು ಗೊತ್ತಿರಲಿಲ್ಲ. ರಾಜ್ಯದ ಬಿಲ್ಲುಗಾರರ ಸಂಘದ ಕಾರ್ಯದರ್ಶಿಗೆ ಅಷ್ಟಾದರೂ ಬೇಡವೇ. ನಿನ್ನ ಅಕ್ಕ ಲೆಂಪಿ ಇದ್ದಿದ್ದರೆ ಅದನ್ನು ಸೌನಾ ಹಬೆಸ್ನಾನದ ಕೋಣೆಯ ಬಾಗಿಲಿಗೆ ಅಂಟಿಸಿ, "ನೋಡ್ರಪ್ಪ, ನನ್ ತಮ್ಮ ಇಲ್ಲಿ ಬಟ್ಟೆ ಹಾಕ್ಕೊಂಡು ನಿಂತಿರೋದು ಇದೇ ಮೊದಲು" ಎಂದು ನಗುತ್ತಿದ್ದಳು. ನಾನು ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ.

ಫೋನು ಮಾಡಿದ್ದೆಯಂತೆ. ಮೂವತ್ತೊಂದು ವರ್ಷ ಮರ ಕಡಿಯುವ ಯಂತ್ರದ ಪಕ್ಕದಲ್ಲಿ ನಿಂತ ಕಿವಿ ಇದು. ಫೋನಿನಲ್ಲಿ ನನಗೆ ಜೇನುಹುಳದ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಹೇಳುವುದಿದ್ದರೆ ಬರೆ.

ಒಂದು ಕೆಲಸ ಆಗಬೇಕಾಗಿದೆ. ನನ್ನ ಬಲ ಭುಜದ ಸಂಗತಿ ನಿನಗೆ ಗೊತ್ತಿದೆ. ಮೂರು ವರ್ಷದಿಂದ ಬಿಲ್ಲು ಎಳೆಯಲು ಆಗುತ್ತಿಲ್ಲ. ಆಯುಧ ಹಿಡಿಯದವನು ಅಡುಗೆ ಮಾಡಬೇಕು ಎನ್ನುವುದು ನಮ್ಮ ಬೇಟೆ ಬಿಡಾರದ ನಿಯಮ. ಅದನ್ನು ಮಾಡಿದವನೇ ನಾನು, ಈಗ ಸೌಟು ಹಿಡಿದು ಅನುಭವಿಸುತ್ತಿದ್ದೇನೆ. ಅಡ್ಡಬಿಲ್ಲು ಸಿಕ್ಕಿದರೆ ಗಿರಕಿ ತಿರುಗಿಸಿ ಹೆದೆ ಏರಿಸಿಡಬಹುದು, ಆಮೇಲೆ ಬಂದೂಕಿನ ಹಾಗೆ ಕುದುರೆ ಒತ್ತಿದರೆ ಮುಗಿಯಿತು. ಆದರೆ ನಮ್ಮ ರಾಜ್ಯದಲ್ಲಿ ಅಂಗವಿಕಲರಿಗೆ ಮಾತ್ರ ಅದರ ಪರವಾನಗಿ. ಮೂವತ್ತೈದು ಪೌಂಡು ಎಳೆಯಲಾಗುವುದಿಲ್ಲ ಎಂದು ಡಾಕ್ಟರು ಬರೆದುಕೊಡಬೇಕು.

ಹೋಗಿದ್ದೆ. ಡಾಕ್ಟರು ಒಂದು ಹಿಡಿಕೆ ಕೊಟ್ಟರು, ಅದಕ್ಕೆ ತಕ್ಕಡಿಯಂಥ ಮುಳ್ಳು. "ನಿಧಾನಕ್ಕೆ ಎಳೀರಿ. ನೋವಾದ ಕಡೆ ನಿಲ್ಲಿಸಿಬಿಡಿ" ಎಂದರು. ನರ್ಸು ಎದುರಿಗೇ ನಿಂತಿದ್ದಳು. ನಿಲೋ ಇದ್ದನಲ್ಲ, ನಮ್ಮ ಜೊತೆ ಮರ ಕಡಿಯುತ್ತಿದ್ದವನು, ಅವನ ಮಗಳು. ಅವಳ ಮುಂದೆ ನಾನು ಇಪ್ಪತ್ತಕ್ಕೆ ಕೈ ಬಿಡಲೇ? ಹಲ್ಲು ಕಚ್ಚಿ ಎಳೆದೆ. ಮುಳ್ಳು ಮೂವತ್ತೇಳಕ್ಕೆ ಹೋಗಿ ನಿಂತಿತು. ಡಾಕ್ಟರು "ಭೇಷ್" ಎಂದು ಬರೆದೇಬಿಟ್ಟರು, ಅಡ್ಡಬಿಲ್ಲಿಗೆ ಅರ್ಹನಲ್ಲ ಎಂದು. ಗಾಡಿಗೆ ಬಂದು ಕೂತು ಕೀಲಿ ತಿರುಗಿಸಲು ಎಡಗೈ ಉಪಯೋಗಿಸಿದೆ. ನಗು, ಪರವಾಗಿಲ್ಲ. ನಾನೂ ನಕ್ಕೆ.

ಈಗ ಮಸೂದೆ ಬಂದಿದೆಯಂತೆ, ಅರವತ್ತೈದು ದಾಟಿದ ಯಾರೇ ಆದರೂ ಬಿಲ್ಲಿಗೆಂದೇ ಇಟ್ಟ ಬೇಟೆಯ ಕಾಲದಲ್ಲಿ ಅಡ್ಡಬಿಲ್ಲು ಹಿಡಿಯಬಹುದು ಎಂದು. ನಿನ್ನ ಸಂಘ ಅದನ್ನು ವಿರೋಧಿಸುತ್ತದೆ ಎಂದು ಕಾಫಿ ಅಂಗಡಿಯಲ್ಲಿ ಮಾತು. ಹಿಲ್ಮಾ ರೌಟಿಯೊಳ ನಲವತ್ತು ಎಕರೆ ಈ ಡಿಸೆಂಬರಿಗೆ ಮಾರಾಟ ಆಗುತ್ತಿದೆ. ಲೆಂಪಿ ಬೇಟೆಗೆ ಕೂರುತ್ತಿದ್ದ ಅಟ್ಟಣೆ ಇರುವುದು ಅಲ್ಲಿ. ಗಂಡ ತನ್ನ ಸೌದೆ ರಾಶಿಯ ಹತ್ತಿರವೇ ಯಾರದೋ ಗುಂಡು ತಗುಲಿ ಸತ್ತ ಮೇಲೆ ಹಿಲ್ಮಾ ಆ ನೆಲಕ್ಕೆ ಬಂದೂಕು ತರಲು ಯಾರನ್ನೂ ಬಿಟ್ಟಿಲ್ಲ. ಹಾಗಾಗಿ ನನಗೆ ಬೇರೆ ದಾರಿಯಿಲ್ಲ. ಬರುವ ಅಕ್ಟೋಬರಿನಲ್ಲಿ ಒಂದು ಸಲ, ಕೈಲಾಗುವ ಆಯುಧ ಹಿಡಿದು, ನಿನ್ನ ಅಕ್ಕ ಇಪ್ಪತ್ತೆರಡು ವರ್ಷ ಕೂತ ಜಾಗದಲ್ಲಿ ಕೂರಬೇಕು. ಅಷ್ಟೇ.

ನೀನು ಪರವಾಗಿ ಮಾತಾಡು ಎಂದು ಕೇಳುತ್ತಿಲ್ಲ. ಬಾಯಿ ಮುಚ್ಚಿಕೊಂಡಿರು.

ರೂಬೆನ್

~

ವೆಸ್ಟ್ ಹ್ಯಾವರ್ಲಿ
25 ಜನವರಿ 2007

ಪ್ರೀತಿಯ ರೂಬೆನ್ ಭಾವ,

ನಿಮ್ಮ ಪತ್ರ ಓದಿ ಡಾಕ್ಟರ ಕೋಣೆಯ ಪ್ರಸಂಗಕ್ಕೆ ನಾನೂ ನನ್ನಾಕೆ ಐನೋ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಿಮ್ಮ ಹಟ ಎಲ್ಲಿ ಹೋಗುತ್ತದೆ. ಅರವತ್ತೆಂಟನೆಯ ವಯಸ್ಸಿನಲ್ಲಿ ಮೂವತ್ತೇಳು ಪೌಂಡು ಎಳೆದಿರಿ ಎಂದರೆ ನಮ್ಮ ಹೊಸ ಸದಸ್ಯರಲ್ಲಿ ಅರ್ಧ ಜನ ನಾಚಿಕೊಳ್ಳಬೇಕು.

ಮಸೂದೆಯ ಬಗ್ಗೆ ಸಂಘ ಇನ್ನೂ ಯಾವ ನಿಲುವನ್ನೂ ತೆಗೆದುಕೊಂಡಿಲ್ಲ. ಮಾರ್ಚಿನಲ್ಲಿ ಸಮಿತಿಯ ಮುಂದೆ ಅಹವಾಲು ಸಭೆ ಇದೆ. ಅಷ್ಟರಲ್ಲಿ ಕಾರ್ಯಕಾರಿ ಮಂಡಳಿ ಕೂತು ತೀರ್ಮಾನಿಸಬಹುದು. ನಿಮ್ಮ ಮಾತು ನನ್ನ ಮನಸ್ಸಿನಲ್ಲಿದೆ.

ಆದರೆ ನೀವು ನನ್ನ ಕಡೆಯಿಂದಲೂ ಸ್ವಲ್ಪ ಯೋಚಿಸಬೇಕು ಭಾವ. ನನಗೆ ಬಿಲ್ಲು ಹಿಡಿಯಲು ಕಲಿಸಿದವರು ನೀವು. "ಜಿಂಕೆ ನಿನ್ನ ಉಸಿರು ಕೇಳೋವಷ್ಟು ಹತ್ತಿರ ಬರ್ಬೇಕು, ಆಗ್ಲೂ ನೀನು ತೋಳಿನ ಬಲದಲ್ಲಿ ಹೆದೆ ಹಿಡ್ಕೊಂಡಿರ್ಬೇಕು, ಅದಕ್ಕೇ ಇದು ನ್ಯಾಯ" ಎಂದವರು ನೀವು. ಮರಗೆಲಸದ ಮೇಷ್ಟ್ರಾಗಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ನಾನು ಹೇಳಿದ್ದೂ ಅದನ್ನೇ. ಇವತ್ತು ಅರವತ್ತೈದು ದಾಟಿದವರಿಗೆ ಎನ್ನುತ್ತಾರೆ. ನಾಳೆ ಅಂಗಡಿಯಿಂದ ನೇರವಾಗಿ ಕಾಡಿಗೆ ಬರುವ ಎಲ್ಲರಿಗೂ ಎನ್ನುತ್ತಾರೆ. ಅಭ್ಯಾಸವೇ ಇಲ್ಲದವರು ಕುದುರೆ ಒತ್ತಿ ಜಿಂಕೆಗಳನ್ನು ಗಾಯ ಮಾಡಿ ಕಾಡಿನಲ್ಲಿ ಬಿಟ್ಟು ಬರುತ್ತಾರೆ. ನನಗೆ ಅದೇ ಹೆದರಿಕೆ.

ಮರ ಸಾಗಿಸುವಾಗ ಭುಜಕ್ಕೆ ಬಿದ್ದ ಪೆಟ್ಟು ವಯಸ್ಸಾದಂತೆ ಕಾಡುವುದು ಸಹಜ. ನನ್ನ ಬಳಿ ಒಂದು ಉಪಾಯವಿದೆ. ಒಣಗಿಸಿಟ್ಟ ಆಶ್ ಮರದ ಒಳ್ಳೆಯ ಸೀಳು ಒಂದಿದೆ, ನಾಲ್ಕು ವರ್ಷ ಹಳೆಯದು. ನಿಮಗೆಂದೇ ಹಗುರವಾದ ಬಿಲ್ಲು ಮಾಡಿಕೊಡುತ್ತೇನೆ, ಸರಿಯಾಗಿ ಮೂವತ್ತೈದು ಪೌಂಡಿನದು, ಕಾನೂನಿಗೆ ಸಾಕು. ನಿಮ್ಮ ಕೈಗೂ ಸಾಕು ಎಂದು ಡಾಕ್ಟರೇ ಬರೆದುಕೊಟ್ಟಿದ್ದಾರೆ. ಅಕ್ಕನ ಅಟ್ಟಣೆಯಲ್ಲಿ ನೀವು ಬಿಲ್ಲು ಹಿಡಿದೇ ಕೂರಬೇಕು. ಅವಳೂ ಅದನ್ನೇ ಬಯಸುತ್ತಿದ್ದಳು.

ನಿಮ್ಮ
ಆರ್ಮಸ್

~

ಆಲ್ಡರ್ ಫಾಲ್ಸ್
9 ಫೆಬ್ರವರಿ 2007

ಆರ್ಮಸ್,

ನಿನ್ನ ಅಕ್ಕ ಏನು ಬಯಸುತ್ತಿದ್ದಳು ಎನ್ನುವುದನ್ನು ನನಗೆ ಹೇಳಿಕೊಡಬೇಡ. ಅವಳ ಜೊತೆ ನಲವತ್ತೊಂದು ವರ್ಷ ಒಂದೇ ಸೂರಿನ ಕೆಳಗೆ ಇದ್ದವನು ನಾನು. ಕೊನೆಯ ವರ್ಷ ಅವಳ ಕೈ ನಡುಗುವುದಕ್ಕೆ ಶುರುವಾದಾಗ ಬಿಲ್ಲನ್ನು ತಾನೇ ಮೊಳೆಗೆ ತೂಗುಹಾಕಿ, "ಇನ್ನು ಸಾಕು ಕಣ್ರೀ, ಪಾಪದ ಪ್ರಾಣಿ ಮೇಲೆ ನನ್ನ ಕೈ ಪರೀಕ್ಷೆ ಮಾಡಲ್ಲ" ಎಂದಳು. ಅದೂ ನೆನಪಿರಲಿ.

ಕಳೆದ ವಾರ ಬಿಡಾರದ ಮಾಡಿನ ಮೇಲೆ ಮೂರು ಅಡಿ ಹಿಮ ಕೂತು ಒಂದು ಮೂಲೆ ಸೋರಿತು. ಗೋಡೆಯ ಮೇಲಿನ ಅಂಗಿ ಚುಂಗುಗಳನ್ನೆಲ್ಲ ಇಳಿಸಿ ಒಲೆಯ ಹತ್ತಿರ ಒಣಗಿಸಿದೆ. ಗುರಿ ತಪ್ಪಿದವನ ಅಂಗಿಯ ಹಿಂಬದಿ ಚುಂಗು ಕತ್ತರಿಸಿ, ಹೆಸರು ತಾರೀಖು ಬರೆದು ಮೊಳೆ ಹೊಡೆಯುವ ನಮ್ಮ ಪದ್ಧತಿ ಹೊಸಬರಿಗೆ ತಮಾಷೆಯಾಗಿ ಕಾಣಬಹುದು. ನನಗೆ ಅದು ಬೇಟೆಗಾರರ ಬೈಬಲ್ಲು. ಇಪ್ಪತ್ತಾರು ಚುಂಗು ಎಣಿಸಿದೆ. ವಿಲ್ಹೋನದೇ ಒಂಬತ್ತು. "ಇವನ್ನೆಲ್ಲ ಸೇರಿಸಿ ಹೊಲಿಸಿದ್ರೆ ನಂಗೊಂದು ರಜಾಯಿ ಆಗತ್ತೆ" ಎನ್ನುತ್ತಾನೆ ಅವನು, ನಾಚಿಕೆಯಿಲ್ಲದವನು. ನಿನ್ನ ಹೆಸರಿನದು ಒಂದೂ ಇಲ್ಲ. ನನ್ನ ಹೆಸರಿನದು ಒಂದು ಇದೆ, ಕೆಂಪು ಕಪ್ಪು ಚೌಕಳಿ, 24 ಅಕ್ಟೋಬರ್ 1981. ಆ ಅಂಗಿ ಯಾಕೆ ಹರಿಯಿತು ಎಂದು ಈಗ ಈ ಲೋಕದಲ್ಲಿ ಗೊತ್ತಿರುವುದು ನನಗೆ ಮತ್ತು ನಿನಗೆ. ನಿನಗೂ ಪೂರ್ತಿ ಗೊತ್ತಿಲ್ಲ.

ಇರಲಿ. ಲೈಲಾಳ ಕಾಫಿ ಅಂಗಡಿಯಲ್ಲಿ ಬೆಳಿಗ್ಗೆ ಇದೇ ಮಾತು. ಏಲಕ್ಕಿ ಬ್ರೆಡ್ಡು ಕುಯ್ಯುತ್ತಾ ಅವಳು ಕೇಳಿದಳು, "ಅಲ್ಲಾ ರೂಬೆನ್, ನಿಮ್ ಭಾವಮೈದ ಅಲ್ವಾ ಸಂಘದೋನು? ಅವ್ನಿಗೊಂದು ಮಾತು ಹೇಳಕ್ಕಾಗಲ್ವಾ?"

"ಹೇಳಿದೀನಿ" ಎಂದೆ.

"ಏನಂದ?"

"ಬಿಲ್ಲು ಮಾಡ್ಕೊಡ್ತೀನಿ ಅಂದ."

ವಿಲ್ಹೋ ಕಾಫಿ ಉಗುಳುವಷ್ಟು ನಕ್ಕ. "ಕುಂಟ ಊರುಗೋಲು ಕೇಳಿದ್ರೆ ಹೊಸ ಬೂಟು ಕೊಡಿಸ್ತಾನಂತೆ" ಎಂದ. ನನಗೆ ನಗು ಬರಲಿಲ್ಲ.

ನಾನು ಅಡ್ಡಬಿಲ್ಲು ಕೊಂಡಾಯಿತು. ನೆಲಮಾಳಿಗೆಯಲ್ಲಿ ತೂಗುಹಾಕಿದ್ದೇನೆ. ಎದುರು ಗೋಡೆಗೆ ಹುಲ್ಲಿನ ಮೂಟೆ ನಿಲ್ಲಿಸಿ ದಿನಾ ಹತ್ತು ಬಾಣ ಬಿಡುತ್ತೇನೆ, ಕಾಫಿ ಲೋಟದ ಬಾಯಿಯಷ್ಟು ಜಾಗದಲ್ಲಿ ಹತ್ತೂ ಕೂರುತ್ತವೆ. ಗಾಯ ಮಾಡಿ ಬಿಡುವ ಹೆದರಿಕೆ ನಿನಗೆ ಮಾತ್ರ ಇರುವುದಲ್ಲ. ಆ ಹೆದರಿಕೆಗೇ ನಾನು ಇದನ್ನು ಕೇಳುತ್ತಿರುವುದು. ಬಿಲ್ಲು ಮಾಡುವ ಶ್ರಮ ತೆಗೆದುಕೊಳ್ಳಬೇಡ. ಮಾರ್ಚಿನಲ್ಲಿ ಸುಮ್ಮನಿರು, ಸಾಕು.

ರೂಬೆನ್

~

ವೆಸ್ಟ್ ಹ್ಯಾವರ್ಲಿ
20 ಮಾರ್ಚ್ 2007

ಪ್ರೀತಿಯ ಭಾವ,

ಪತ್ರಿಕೆಯಲ್ಲಿ ಓದಿರುತ್ತೀರಿ. ಹದಿನಾಲ್ಕರಂದು ಮಸೂದೆ ಸಮಿತಿಯಲ್ಲೇ ಬಿದ್ದುಹೋಯಿತು, ಐದಕ್ಕೆ ನಾಲ್ಕು. ಪದಾಧಿಕಾರಿಯಾದ್ದರಿಂದ ಸಂಘದ ಪರವಾಗಿ ನಾನು ಒಂದೆರಡು ಮಾತು ಹೇಳಬೇಕಾಯಿತು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಸಾಮಾನ್ಯವಾಗಿ ಹೇಳುವ ಮಾತುಗಳೇ, ವಿಶೇಷವೇನಿಲ್ಲ. ನಾನು ಸುಮ್ಮನಿದ್ದಿದ್ದರೂ ಫಲಿತಾಂಶ ಬೇರೆಯಾಗುತ್ತಿರಲಿಲ್ಲ ಎನ್ನುವುದು ಎಲ್ಲರ ಅಭಿಪ್ರಾಯ.

ನಿಮಗೆ ಬೇಸರವಾಗಿದೆ ಎಂದು ಬಲ್ಲೆ. ಆಶ್ ಮರದ ಸೀಳು ಕೆತ್ತುವುದಕ್ಕೆ ಶುರುಮಾಡಿದ್ದೇನೆ. ರಾತ್ರಿ ಊಟವಾದ ಮೇಲೆ ಎರಡು ಗಂಟೆ ಅದೇ ಕೆಲಸ. ಐನೋ ಗೊಣಗುತ್ತಾಳೆ. ಇಂಥ ಬಿಲ್ಲನ್ನು ನಾನು ಈವರೆಗೆ ಯಾರಿಗೂ ಮಾಡಿಲ್ಲ.

ನಿಮ್ಮ
ಆರ್ಮಸ್

~

ಆಲ್ಡರ್ ಫಾಲ್ಸ್
2 ಜೂನ್ 2007

ಆರ್ಮಸ್‌ಗೆ,

ಬಿಲ್ಲು ಬಂದು ತಲುಪಿತು. ಕೆಲಸ ಚೆನ್ನಾಗಿದೆ. ಹಿಡಿಯ ಚರ್ಮ ಕೈಗೆ ಹೊಂದುತ್ತದೆ. ತೊಂದರೆ ತೆಗೆದುಕೊಂಡಿದ್ದಕ್ಕೆ ವಂದನೆಗಳು. ಇಲ್ಲಿ ಎಲ್ಲರೂ ಕ್ಷೇಮ. ಸೊಳ್ಳೆ ಜಾಸ್ತಿ.

ರೂಬೆನ್ ಕೈವೋಲಾ

~

ವೆಸ್ಟ್ ಹ್ಯಾವರ್ಲಿ
15 ಜೂನ್ 2007

ಪ್ರೀತಿಯ ಭಾವ,

ನಿಮ್ಮ ಪತ್ರ ನೋಡಿ ಮನಸ್ಸು ಹಗುರವಾಯಿತು. ಸಿಟ್ಟು ಇಳಿದಿದೆ ಎಂದು ಐನೋಗೆ ಓದಿ ಹೇಳಿದೆ. ಅವಳು ಕಾಗದವನ್ನು ಎರಡು ಸಲ ನೋಡಿ, "ಸಿಟ್ಟು ಇಳಿದವ್ರು ಹೆಸರಿನ ಜೊತೆ ಮನೆತನದ ಹೆಸರು ಬರೀತಾರಾ?" ಎಂದಳು. ಹೆಂಗಸರಿಗೆ ಎಲ್ಲದರಲ್ಲೂ ಏನೋ ಒಂದು ಕಾಣುತ್ತದೆ.

ದಿನಾ ಐದು ಬಾಣದಿಂದ ಶುರುಮಾಡಿ. ಮೊದಲು ಭುಜಕ್ಕೆ ಬಿಸಿ ಕೊಡಿ. ಅಕ್ಟೋಬರಿನ ಹೊತ್ತಿಗೆ ಸರಿಹೋಗುತ್ತದೆ. ಜಿಂಕೆ ಬಿದ್ದ ಕೂಡಲೇ ಬಿಲ್ಲು ಹಿಡಿದು ಒಂದು ಫೋಟೋ ತೆಗೆಸಿ ಕಳಿಸಿ, ಸಂಘದ ಪತ್ರಿಕೆಯ ಮುಖಪುಟಕ್ಕೆ ಹಾಕಿಸುತ್ತೇನೆ. ಅರವತ್ತೆಂಟರಲ್ಲೂ ಬಿಲ್ಲು ಬಿಡದವರು ಎಂದು. ನವೆಂಬರಿನಲ್ಲಿ ನಾನು ಬಿಡಾರಕ್ಕೆ ಬಂದಾಗ ನಿಮ್ಮ ಬದಲು ಬೇರೆ ಅಡುಗೆಯವನನ್ನು ಹುಡುಕಬೇಕಾಗುತ್ತದೆ.

ನಿಮ್ಮ
ಆರ್ಮಸ್

~

ಆಲ್ಡರ್ ಫಾಲ್ಸ್
19 ಅಕ್ಟೋಬರ್ 2007

ಆರ್ಮಸ್,

ಫೋಟೋ ಇಲ್ಲ. ಲಕೋಟೆಯಲ್ಲಿ ಬೇರೆ ಒಂದು ವಸ್ತು ಇಟ್ಟಿದ್ದೇನೆ. ಮೊದಲು ಪತ್ರ ಓದು, ಆಮೇಲೆ ಅದನ್ನು ಬಿಚ್ಚು.

ಹದಿಮೂರನೇ ತಾರೀಖು ಶನಿವಾರ ಮಧ್ಯಾಹ್ನ ಲೆಂಪಿಯ ಅಟ್ಟಣೆ ಹತ್ತಿದೆ. ನಿನ್ನ ಬಿಲ್ಲೇ ಹಿಡಿದಿದ್ದೆ. ಅಡ್ಡಬಿಲ್ಲು ತರಬಹುದಿತ್ತು, ಆ ನಲವತ್ತು ಎಕರೆಯಲ್ಲಿ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ತರಲಿಲ್ಲ. ಐವತ್ತು ವರ್ಷದಲ್ಲಿ ಕಾನೂನು ಮುರಿದು ಒಂದು ಮೊಲವನ್ನೂ ಹೊಡೆದವನಲ್ಲ. ನೀನು ಕಾನೂನು ಉಳಿಸಿದೆ, ನಾನು ಪಾಲಿಸಿದೆ.

ಬೇಸಿಗೆಯೆಲ್ಲ ದಿನಾ ಐದು ಬಾಣ ಬಿಟ್ಟಿದ್ದೆ. ಬಿಸಿಲಿನಲ್ಲಿ, ಭುಜಕ್ಕೆ ಬಿಸಿನೀರಿನ ಬಟ್ಟೆ ಕಟ್ಟಿಕೊಂಡು. ಐದರಲ್ಲಿ ನಾಲ್ಕು ಸರಿಯಾಗಿ ಹೋಗುತ್ತಿದ್ದವು. ಆದರೆ ಅಟ್ಟಣೆಯ ಮೇಲೆ ಚಳಿಯಲ್ಲಿ ಮೂರು ಗಂಟೆ ಅಲುಗಾಡದೆ ಕೂತ ಮೇಲಿನ ತೋಳೇ ಬೇರೆ. ಅದು ಡಾಕ್ಟರ ಕೋಣೆಯಲ್ಲಿ ತಿಳಿಯುವುದಿಲ್ಲ, ನಿನ್ನ ಬಡಗಿ ಕೋಣೆಯಲ್ಲೂ ತಿಳಿಯುವುದಿಲ್ಲ.

ಐದು ಗಂಟೆಗೆ ಒಂದು ಎಳೆಯ ಗಂಡು ಜಿಂಕೆ ಬಂತು. ಹದಿನೈದು ಗಜದಲ್ಲಿ ಅಡ್ಡಲಾಗಿ ನಿಂತಿತು. ಎಳೆದೆ. ಅರ್ಧಕ್ಕೆ ಬಂದಾಗ ಭುಜದೊಳಗೆ ಏನೋ ಕಳಚಿದ ಹಾಗಾಗಿ ಬೆರಳು ತಾನಾಗಿ ಸಡಿಲಿತು. ಬಾಣ ಹೋಯಿತು. ಎಳೆಯಲೇಬಾರದಿತ್ತು, ಆ ತಪ್ಪು ನನ್ನದು, ನಿನ್ನ ತಲೆಗೆ ಕಟ್ಟುವುದಿಲ್ಲ. ಹೊಟ್ಟೆಗೆ ತಗುಲಿತು ಎಂದು ನೋಡಿದ ಕೂಡಲೇ ಗೊತ್ತಾಯಿತು. ಅದು ಬೆನ್ನು ಗೂನು ಮಾಡಿಕೊಂಡು, ಓಡದೆ, ನಿಧಾನವಾಗಿ ನಡೆದುಕೊಂಡು ಸೀಡರ್ ಜೌಗಿನ ಕಡೆಗೆ ಹೋಯಿತು. ಹಿಂತಿರುಗಿ ನನ್ನ ಕಡೆ ನೋಡಿತು. ಅಷ್ಟು ನಿಧಾನಕ್ಕೆ ಹೋಗುವ ಜಿಂಕೆಯನ್ನು ನೋಡುತ್ತಾ ಕೂರುವುದು ಏನೆಂದು ನಿನಗೆ ಗೊತ್ತಿರಬೇಕಿತ್ತು.

ಹೊಟ್ಟೆಗೆ ತಗುಲಿದ ಜಿಂಕೆಯ ಹಿಂದೆ ತಕ್ಷಣ ಹೋಗಬಾರದು. ಬಿಟ್ಟರೆ ಹತ್ತಿರದಲ್ಲೇ ಮಲಗಿ ಸಾಯುತ್ತದೆ, ಬೆನ್ನಟ್ಟಿದರೆ ಎದ್ದು ಮೈಲಿಗಟ್ಟಲೆ ನರಳುತ್ತಾ ಹೋಗುತ್ತದೆ. ನಾನು ಬೆಳಗಿನ ತನಕ ಕಾದೆ. ಬೆಳಿಗ್ಗೆ ನೋಡಿದರೆ ನಾಲ್ಕು ಅಂಗುಲ ಹಿಮ ಬಿದ್ದಿತ್ತು. ಹನಿ ರಕ್ತ ಕಾಣಲಿಲ್ಲ. ವಿಲ್ಹೋನನ್ನು ಕರೆದೆ, ಇಬ್ಬರೂ ಎರಡು ದಿನ ಜೌಗಿನಲ್ಲಿ ಸೊಂಟದ ತನಕ ಇಳಿದು ಹುಡುಕಿದೆವು. ಮೂರನೇ ದಿನ ಹೊಳೆಯ ಆಚೆ ಕಾಗೆಗಳು ಸುತ್ತುವುದು ಕಂಡಿತು. ಅಲ್ಲಿಗೆ ಹೋಗುವುದಕ್ಕೆ ಆಗಲಿಲ್ಲ.

ವಿಲ್ಹೋ ಬಿಡಾರಕ್ಕೆ ಬಂದು ಕತ್ತರಿ ತೆಗೆದ. ಒಂಬತ್ತು ಚುಂಗಿನ ಆ ಕೋಡಂಗಿ ಅವತ್ತು ನಗಲಿಲ್ಲ. "ಬೇಡ ಬಿಡು ಮಾರಾಯ, ವಯಸ್ಸಾಗಿದೆ" ಎಂದ. ನಾನೇ ಕತ್ತರಿ ಕಿತ್ತುಕೊಂಡು ನನ್ನ ಅಂಗಿಯ ಚುಂಗು ಕತ್ತರಿಸಿದೆ.

ಈಗ 1981ರ ಮಾತಿಗೆ ಬರುತ್ತೇನೆ. ಆ ಶನಿವಾರ ನೀನು ಹೊಡೆದ ಗಂಡಿಗೂ ಬಾಣ ಹೊಟ್ಟೆಗೇ ತಗುಲಿತ್ತು. ನೀನು ಕಾಯಲಿಲ್ಲ, ಹಿಂದೆಯೇ ಓಡಿದೆ. ಭಾನುವಾರ ಸಂಜೆ ನೀನು ಊರಿಗೆ ಹೊರಡಬೇಕಿತ್ತು. ಬಿಲ್ಲು ತರಬೇತಿಯ ಮೇಷ್ಟ್ರ ಹುದ್ದೆಗೆ ಸೋಮವಾರ ಸಂಘದವರು ನಿನ್ನನ್ನು ನೋಡುವವರಿದ್ದರು. ನಿನ್ನ ಅಕ್ಕ ನನ್ನನ್ನು ಸೌದೆ ಕೊಟ್ಟಿಗೆಗೆ ಕರೆದು, "ರೂಬೆನ್, ಇದು ಅಲ್ಲಿಗೆ ಗೊತ್ತಾದ್ರೆ ಅವ್ನಿಗೆ ಆ ಕೆಲಸ ಕೊಡಲ್ಲ. ನಿಮ್ಮ ಬಾಣ ಅಂತ ಹೇಳಿಬಿಡಿ" ಎಂದಳು. ಹೇಳಿದೆ. ನನ್ನ ಅಂಗಿ ಹರಿದರು. ನಿನಗೆ ಇಷ್ಟು ಗೊತ್ತು.

ಗೊತ್ತಿಲ್ಲದ್ದು ಇದು. ನೀನು ಹೋದ ಮೇಲೆ ನಾನು ಮತ್ತೆ ಎರಡು ದಿನ ಆ ಜಿಂಕೆಯ ಹಿಂದೆ ಹೋದೆ. ನೀರುನಾಯಿ ಕಟ್ಟಿದ ಒಡ್ಡಿನ ಮೇಲೆ ಕಾಲು ಜಾರಿ ಬಿದ್ದೆ. ಭುಜ ಕಳಚಿದ್ದು ಅಲ್ಲಿ, ಮರ ಸಾಗಿಸುವಾಗ ಅಲ್ಲ. ಆಮೇಲೆ "ಜಿಂಕೆ ಸಿಕ್ಕಿತು, ಬೇಗ ಸತ್ತಿತ್ತು, ಚಿಂತೆ ಬೇಡ" ಎಂದು ನಿನಗೆ ಬರೆದೆನಲ್ಲ, ಸಿಕ್ಕಿರಲಿಲ್ಲ. ನಿನ್ನ ಅಕ್ಕ ನಿನ್ನ ಚಿಂತೆಯಲ್ಲಿ ಊಟ ಬಿಟ್ಟಿದ್ದಳು, ಅದಕ್ಕೆ ಬರೆದ ಸುಳ್ಳು. ಅವಳಿಗೂ ಅದನ್ನೇ ಹೇಳಿದೆ.

ಇದನ್ನು ನಾನು ಸಾಯುವ ತನಕ ಹೇಳುತ್ತಿರಲಿಲ್ಲ. ಮಾರ್ಚ್ ಹದಿನಾಲ್ಕರಂದು ನಾನು ರಾಜಧಾನಿಯಲ್ಲಿದ್ದೆ ಆರ್ಮಸ್. ಆರು ಗಂಟೆ ಗಾಡಿ ಓಡಿಸಿಕೊಂಡು ಬಂದು ಕೊನೆಯ ಸಾಲಿನಲ್ಲಿ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಂದು ವೇಳೆ ಕರೆದರೆ ನನ್ನ ಭುಜದ ಬಗ್ಗೆ ಎರಡು ಮಾತು ಹೇಳೋಣ ಎಂದು ಚೀಟಿಯನ್ನೂ ಬರೆದುಕೊಂಡಿದ್ದೆ. ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ, ವಿರೋಧಿಸುವವರ ಸಾಲಿನಲ್ಲಿ ನಿನ್ನ ಹೆಸರು ಮೊದಲನೆಯದು. ನೋಂದಾಯಿಸಿದ ದಿನ ಜನವರಿ ಮೂರು. ಜನವರಿ ಇಪ್ಪತ್ತೈದಕ್ಕೆ ನೀನು ನನಗೆ ಏನು ಬರೆದಿದ್ದೆ, ತೆಗೆದು ನೋಡು, ನಿನ್ನ ಹತ್ತಿರ ನಕಲು ಇಲ್ಲದಿದ್ದರೆ ನಾನು ಕಳಿಸುತ್ತೇನೆ.

ನನಗೆ ಕಿವಿ ಕೇಳುವುದಿಲ್ಲ ಎಂದು ನಿನಗೆ ಧೈರ್ಯ. ಆ ಸಭೆಯಲ್ಲಿ ಮೈಕು ಇತ್ತು. ನೀನು ಅದರ ಮುಂದೆ ನಿಂತು, "ನನ್ನ ಭಾವನೇ ಇದ್ದಾರೆ. ಅರವತ್ತೆಂಟು ವರ್ಷ. ಭುಜ ನೋವು ಅಂತಾರೆ. ಆದ್ರೆ ಡಾಕ್ಟ್ರ ಮುಂದೆ ಮೂವತ್ತೇಳು ಪೌಂಡು ಎಳೆದು ತೋರಿಸಿದ್ರು. ಸ್ವಾಮಿ, ಈ ಮಸೂದೆ ಬೇಕಾಗಿರೋದು ಮುದುಕರಿಗಲ್ಲ, ಸೋಮಾರಿಗಳಿಗೆ" ಎಂದೆ. ಎಲ್ಲರೂ ನಕ್ಕರು. ಆಮೇಲೆ, "ನಲವತ್ತು ವರ್ಷದಲ್ಲಿ ನನ್ನ ಬಾಣ ತಗುಲಿದ ಒಂದು ಜಿಂಕೆಯೂ ಕಾಡಿನಲ್ಲಿ ಕಳೆದುಹೋಗಿಲ್ಲ" ಎಂದೆ. ಅದು ನೀನು ಹೇಳಿದ ಸುಳ್ಳಲ್ಲ, ನಾನು ನಿನಗೆ ಹೇಳಿಕೊಟ್ಟಿದ್ದ ಸುಳ್ಳು. ಎದ್ದು ನಿಂತು ಕೂಗಬಹುದಿತ್ತು. ನಿನ್ನ ಅಕ್ಕನ ಮುಖ ನೆನಪಾಗಿ ಕೂತೇ ಇದ್ದೆ. ಐದಕ್ಕೆ ನಾಲ್ಕು. ಒಂದು ಓಟು ಆರ್ಮಸ್.

ನನ್ನ ಮನೆಯ ನಗೆಯ ಮಾತನ್ನು ನಿನ್ನ ಮೇಲಿನ ನಂಬಿಕೆಯಿಂದ ಬರೆದಿದ್ದೆ. ನೀನು ಅದನ್ನೇ ಎತ್ತಿಕೊಂಡು ಹೋಗಿ ನನ್ನ ಕುತ್ತಿಗೆಗೆ ಉರುಲು ಹಾಕಿದೆ. ನೀನು ಮಾಡಿಕೊಟ್ಟ ಬಿಲ್ಲು ಒಳ್ಳೆಯ ಬಿಲ್ಲು. ಇನ್ನು ಅದನ್ನು ನೋಡಲಾರೆ.

ಚುಂಗಿನ ಮೇಲೆ ತಾರೀಖು ಬರೆದಿದ್ದೇನೆ. ಹೆಸರು ಬರೆದಿಲ್ಲ. ಯಾರದು ಎಂದು ನೀನೇ ಯೋಚಿಸಿ ಬರೆದು, ನಿನ್ನ ಸಂಘದ ಗೋಡೆಗೆ ಮೊಳೆ ಹೊಡಿ. ನವೆಂಬರಿನಲ್ಲಿ ಬರಬೇಡ.

ರೂಬೆನ್

~

ವೆಸ್ಟ್ ಹ್ಯಾವರ್ಲಿ
3 ಫೆಬ್ರವರಿ 2008

ಭಾವ,

ಮೂರು ತಿಂಗಳಿಂದ ಈ ಪತ್ರ ಬರೆಯಲು ಕೂತು ಎದ್ದಿದ್ದೇನೆ. ಏನು ಬರೆದರೂ ಸಾಲದು. ಕ್ಷಮಿಸಿ ಎಂದು ಕೇಳುವ ಯೋಗ್ಯತೆಯೂ ನನಗಿಲ್ಲ. ನಿಮ್ಮ ಪತ್ರವನ್ನು ಐನೋ ಓದಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಮಸೂದೆ ಮತ್ತೆ ಬಂತು. ಜನವರಿ ಮೂವತ್ತರಂದು ನಾನು ಸಮಿತಿಯ ಮುಂದೆ ಹೋಗಿ ಪರವಾಗಿ ಮಾತಾಡಿದೆ. ಸಂಘದವರು ನನ್ನ ಮುಖ ನೋಡುತ್ತಿಲ್ಲ. ನನಗೆ ಗೊತ್ತಿರುವ ಒಬ್ಬ ಹಿರಿಯ ಬೇಟೆಗಾರರು, ತೋಳಿಗೆ ಮೀರಿದ ಬಿಲ್ಲು ಹಿಡಿಯಬೇಕಾಗಿ ಬಂದು ಹೇಗೆ ಒಂದು ಜಿಂಕೆ ನರಳಿತು ಎಂದು ವಿವರವಾಗಿ ಹೇಳಿದೆ. ಏಳಕ್ಕೆ ಎರಡು ಓಟಿನಲ್ಲಿ ದಾಟಿತು. ಮುಂದೆ ಎಲ್ಲ ಸಲೀಸು ಎನ್ನುತ್ತಾರೆ. ಈ ಅಕ್ಟೋಬರಿನಿಂದ ನೀವು ಅಡ್ಡಬಿಲ್ಲು ಹಿಡಿಯಬಹುದು.

1981ರ ಸಂಗತಿ ಅಲ್ಲಿ ಎತ್ತಲಿಲ್ಲ. ನನ್ನ ಕೈಯಲ್ಲಿ ತರಬೇತಾದವರು ನೂರಾರು ಜನ ಇದ್ದಾರೆ, ಅವರಿಗೆಲ್ಲ ಗೊಂದಲವಾಗುತ್ತದೆ. ಕೆಲಸ ಆಗುವುದು ಮುಖ್ಯ ಎಂದುಕೊಂಡೆ. ನೀವೂ ಒಪ್ಪುತ್ತೀರಿ ಎಂದು ನಂಬಿದ್ದೇನೆ. ಚುಂಗನ್ನು ಮೇಜಿನ ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ.

ಹಿಲ್ಮಾಳ ಜಾಗ ಹೋದರೇನು, ಇಲ್ಲಿ ನಮ್ಮ ಊರಿನ ಹತ್ತಿರ ಸರ್ಕಾರಿ ಕಾಡಿದೆ. ಬನ್ನಿ. ನಾನೇ ಅಟ್ಟಣೆ ಕಟ್ಟಿಕೊಡುತ್ತೇನೆ.

ನಿಮ್ಮ
ಆರ್ಮಸ್

~

ಆಲ್ಡರ್ ಫಾಲ್ಸ್
20 ಫೆಬ್ರವರಿ 2008

ಆರ್ಮಸ್,

ಬಿಲ್ಲನ್ನು ಬೇರೆ ಪಾರ್ಸಲಿನಲ್ಲಿ ವಾಪಸು ಕಳಿಸಿದ್ದೇನೆ. ಹೆದೆ ಇಳಿಸಿದ್ದೇನೆ, ಮರಕ್ಕೆ ಏನೂ ಆಗಿಲ್ಲ.

ಹಿಲ್ಮಾಳ ನೆಲ ಕೊಂಡವರು ಸುತ್ತ ತಂತಿ ಹಾಕಿ, ಯಾವ ಆಯುಧದಿಂದಲೂ ಬೇಟೆ ಕೂಡದು ಎಂದು ಬೋರ್ಡು ಹೊಡೆದಿದ್ದಾರೆ. ಒಳ್ಳೆಯ ಜನ. ಲೆಂಪಿಯ ಅಟ್ಟಣೆ ಕಡಿದು ಹಾಕುವ ಮೊದಲು ನನ್ನನ್ನು ಕರೆದು, ಏನಾದರೂ ಬೇಕೇ ಎಂದು ಕೇಳಿದರು. ಕೂರುವ ಹಲಗೆ ಕೇಳಿ ತಂದೆ. ಸೌನಾದಲ್ಲಿ ಮೇಲಿನ ಮೆಟ್ಟಿಲಿಗೆ ಹಾಕಿದ್ದೇನೆ. ಅಡ್ಡಬಿಲ್ಲನ್ನು ವಿಲ್ಹೋಗೆ ಕೊಟ್ಟೆ. ಅವನಿಗೂ ಅರವತ್ತಾರು ಆಯಿತು, ಇನ್ನಾದರೂ ಅವನ ಅಂಗಿಗಳು ಉಳಿಯಲಿ. ನಿಮ್ಮ ಊರಿನ ಕಾಡು ನನಗೆ ಬೇಡ. ಅಲ್ಲಿ ನನಗೆ ಕೂರುವ ಜಾಗ ಯಾವುದೂ ಇಲ್ಲ.

ಪರವಾಗಿ ಮಾತಾಡಿದ್ದು ಕೇಳಿದೆ. ನನ್ನ ಕಥೆಯನ್ನು ನೀನು ಎರಡು ಸಲ ಆ ಕೋಣೆಯಲ್ಲಿ ಹೇಳಿದೆ, ಒಂದು ಸಲ ನನ್ನ ವಿರುದ್ಧ, ಒಂದು ಸಲ ನನ್ನ ಪರ. ನಿನ್ನ ಕಥೆಯನ್ನು ಒಂದು ಸಲವೂ ಹೇಳಲಿಲ್ಲ. ಅರ್ಧ ಎಳೆದು ಬಿಟ್ಟ ಬಾಣ ಎಲ್ಲಿಗೆ ತಗುಲುತ್ತದೆ ಎಂದು ನನಗೆ ಗೊತ್ತಿದೆ ಆರ್ಮಸ್. ನಾನು ಮೂರು ದಿನ ಅದರ ಹಿಂದೆ ಹೋಗಿದ್ದೇನೆ.

ಚುಂಗು ಡ್ರಾಯರಿನಲ್ಲಿ ಇಡುವ ವಸ್ತುವಲ್ಲ. ಬಿಡಾರದ ಗೋಡೆಯ ಮೇಲೆ 1981ರದು ಇನ್ನೂ ನನ್ನ ಹೆಸರಿನಲ್ಲೇ ಇದೆ. ನವೆಂಬರಿನಲ್ಲಿ ಬಂದು, ವಿಲ್ಹೋ ಮತ್ತು ಉಳಿದವರ ಎದುರು ನಿಂತು, ನಿನ್ನ ಕೈಯಲ್ಲೇ ಅದನ್ನು ತಿದ್ದುವುದಾದರೆ ಬಾ. ಇಲ್ಲದಿದ್ದರೆ ಬರಬೇಡ, ಬರೆಯಲೂ ಬೇಡ. ಪೆನ್ನಿಗೆ ದಾರ ಕಟ್ಟಿ ಮೊಳೆಯ ಪಕ್ಕದಲ್ಲೇ ತೂಗುಹಾಕಿದ್ದೇನೆ.

ಈ ವರ್ಷವೂ ಅಡುಗೆ ನನ್ನದೇ.

ರೂಬೆನ್